ಅಪ್‌ಡೇಟ್: ವಾಯ್ಡ್ ಹೈಲಾರ್ಡ್ ಕೊನೆಗೂ ಕೈಗೆ ಬಂತು

ಅಡ್ವೆಂಚರ್‌ಕ್ವೆಸ್ಟ್ ವರ್ಲ್ಡ್ಸ್ ಎಂಬ ಆನ್‌ಲೈನ್ ಆಟದಲ್ಲಿ ವಾಯ್ಡ್ ಹೈಲಾರ್ಡ್ ಕ್ಲಾಸ್‌ಗೆ (ಪಾತ್ರದ ಹೋರಾಟದ ಶಕ್ತಿಗಳನ್ನು ನಿರ್ಧರಿಸುವ ಬಗೆ) ಬೇಕಾದ 15 ರೋಂಟ್ಜೀನಿಯಂ ಎಂಬ ವಸ್ತು ಎಷ್ಟು ಆಡಿದರೂ ಕೂಡಿಬರುತ್ತಿಲ್ಲ ಎಂದು ಕೇಳಿದ್ದೆ. ನಿನ್ನೆ ರಾತ್ರಿ ಆ ಕ್ಲಾಸ್ ಸಿಕ್ಕಿತು; ಉತ್ತರಿಸಿದ ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು.

ರಜೆಯ ದಿನ ಒಂದೇ ಸಮನೆ ಆಡಿ ಮುಗಿಸಿ ಎಂಬ ಸಲಹೆ ಫಲಿಸಲಿಲ್ಲ. ಒಂದೊಂದು ರೋಂಟ್ಜೀನಿಯಂಗೂ ಎಲ್ಡರ್ಸ್ ಬ್ಲಡ್ ಎಂಬ ಇನ್ನೊಂದು ವಸ್ತು ಬೇಕು, ಅದು ದಿನಕ್ಕೊಮ್ಮೆ ಮಾತ್ರ ಮಾಡಬಹುದಾದ ಕ್ವೆಸ್ಟ್‌ನಿಂದ (ಆಟ ಒಪ್ಪಿಸುವ ಕೆಲಸದಿಂದ) ಬರುತ್ತದೆ. ಆದ್ದರಿಂದ ಬೇರೆಲ್ಲವನ್ನೂ ಬದಿಗಿಟ್ಟು, ದಿನವೂ ಮೊದಲು ಆಟದೊಳಗಿನ ಆರ್ಕನ್‌ಗ್ರೋವ್ ಎಂಬ ಜಾಗಕ್ಕೆ ಹೋಗಿ, ಆ ಕ್ವೆಸ್ಟ್ ಕೇಳುವ 50 ಗೊರಿಲ್ಲಾಫಂಟ್ ಪ್ರಾಣಿಗಳನ್ನು ಕೊಂದು ಮುಗಿಸಿ ಎಂದವರ ಮಾತೇ ಕೈಹಿಡಿಯಿತು.

ನನಗೆ ಅಚ್ಚರಿಯಾದದ್ದು ದಿನ ಬದಲಾಗುವ ಹೊತ್ತು. ಸರ್ವರ್‌ನ ಮಧ್ಯರಾತ್ರಿ ಅಮೆರಿಕದ ಪೂರ್ವ ಕರಾವಳಿಯದಾದ್ದರಿಂದ, ಬೇಸಿಗೆ ಸಮಯ ಜಾರಿಯಲ್ಲಿದ್ದಾಗ ನಮಗದು ಬೆಳಿಗ್ಗೆ 9:30. ಇದು ತಿಳಿಯದೆ, ರಾತ್ರಿ ಹನ್ನೆರಡಾದ ಮೇಲೆ ಮತ್ತೆ ಪ್ರಯತ್ನಿಸಿ, ಮುಚ್ಚಿದ ಕ್ವೆಸ್ಟನ್ನೇ ನೋಡುತ್ತ ಕುಳಿತಿದ್ದೆ.

ಈಗ ಈ ಕ್ಲಾಸ್‌ನಲ್ಲಿ 10ನೇ ರ‍್ಯಾಂಕ್‌ಗೆ 3,02,500 ಕ್ಲಾಸ್ ಪಾಯಿಂಟ್ ಗಳಿಸಬೇಕಿದೆ. ಚೀಲ ತುಂಬಿದಾಗ ಅವಸರದಲ್ಲಿ ಮಾರಿಬಿಡದಂತೆ, ಆಡದಿರುವ ಹೊತ್ತಿನಲ್ಲಿ ಈ ಕ್ಲಾಸನ್ನು ಆಟದೊಳಗಿನ ಬ್ಯಾಂಕಿನಲ್ಲಿಡುತ್ತಿದ್ದೇನೆ.