ಅತ್ತಿಗೆ, ಎಕ್ಮೋ ಅಂದರೆ ಕೈಬಿಟ್ಟರು ಅಂತಲ್ಲ

ಅತ್ತಿಗೆ, ಡ್ಯೂಟಿಯಲ್ಲಿದ್ದೆ, ನಿಮ್ಮ ಮೆಸೇಜು ಈಗ ಕೇಳಿಸಿಕೊಂಡೆ. "ವೆಂಟಿಲೇಟರ್ ಸಾಲ್ತಿಲ್ಲ, ಎಕ್ಮೋ ಹಾಕ್ತೀವಿ ಅಂದ್ರು, ಅಂದ್ರೆ ಅಣ್ಣನ ಆಸೆ ಬಿಟ್ಟ ಹಾಗಾ" ಅಂತ ಅತ್ತುಕೊಂಡು ಕೇಳಿದ್ದೀರಿ. ಇಲ್ಲ ಅತ್ತಿಗೆ. ಎಕ್ಮೋ ಅಂದರೆ ಶ್ವಾಸಕೋಶದ ಕೆಲಸವನ್ನು ಮೈಯ ಹೊರಗಿನಿಂದ ಮಾಡುವ ಮೆಷಿನ್. ಆಸೆ ಬಿಟ್ಟವರಿಗೆ ಎಕ್ಮೋ ಹಾಕುವುದಿಲ್ಲ. ಶ್ವಾಸಕೋಶ ಚೇತರಿಸಿಕೊಳ್ಳಬಹುದು ಅಂತ ಅನ್ನಿಸಿದಾಗಲೇ ಈ ಮಾತು ಎತ್ತುವುದು.

ನಾನು ಐಸಿಯುನಲ್ಲಿ ದಿನಾ ನೋಡುವುದನ್ನೇ ಹೇಳುತ್ತೇನೆ. ಸಾಮಾನ್ಯವಾಗಿ ತೊಡೆಸಂದಿಯ ದೊಡ್ಡ ರಕ್ತನಾಳಕ್ಕೆ ಒಂದು ಕೊಳವೆ, ಕುತ್ತಿಗೆಗೆ ಇನ್ನೊಂದು. ಪಂಪು ನಿಮಿಷಕ್ಕೆ 4-5 ಲೀಟರ್ ರಕ್ತ ಎಳೆದು, ಆಕ್ಸಿಜನೇಟರ್ ಒಳಗೆ ಹಾಯಿಸಿ ವಾಪಸ್ ಕಳಿಸುತ್ತದೆ. ಅಲ್ಲಿ ರಕ್ತಕ್ಕೆ ಆಮ್ಲಜನಕ ಸೇರುತ್ತದೆ, ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗುತ್ತದೆ. ಹೊರಗೆ ಬರುವ ಪೈಪಿನಲ್ಲಿ ರಕ್ತ ಕಪ್ಪುಗೆಂಪು, ಒಳಗೆ ಹೋಗುವುದರಲ್ಲಿ ಹೊಳೆಯುವ ಕೆಂಪು. ಪಾಳಿಗೆ ಬಂದ ಕೂಡಲೇ ನಾವು ನೋಡುವುದೇ ಆ ಎರಡು ಬಣ್ಣ. ಆಮೇಲೆ ಟಾರ್ಚ್ ಬಿಟ್ಟು ಎಲ್ಲಾದರೂ ಹೆಪ್ಪುಗಟ್ಟಿದೆಯಾ ಅಂತ ಹುಡುಕುತ್ತೇವೆ.

ಇದು ಕಾಯಿಲೆ ವಾಸಿ ಮಾಡುವ ಮೆಷಿನ್ ಅಲ್ಲ. ವೆಂಟಿಲೇಟರ್ ಜೋರಾಗಿ ಗಾಳಿ ತಳ್ಳಿದರೆ ಬಾವು ಬಂದಿರುವ ಶ್ವಾಸಕೋಶಕ್ಕೆ ಇನ್ನೂ ಪೆಟ್ಟು. ಎಕ್ಮೋ ಇದ್ದರೆ ವೆಂಟಿಲೇಟರನ್ನು ಮೆಲ್ಲಗೆ ನಡೆಸಬಹುದು. ಔಷಧಿ ಕೆಲಸ ಮಾಡುವುದಕ್ಕೆ ಸಮಯ ಸಿಗುತ್ತದೆ. ಕೆಲವರಿಗೆ ಕೆಲವು ದಿನ, ಕೆಲವರಿಗೆ ವಾರಗಟ್ಟಲೆ.

ಅಪಾಯ ಮುಚ್ಚಿಡುವುದಿಲ್ಲ. ಹೆಪ್ಪುಗಟ್ಟಬಾರದು ಅಂತ ಹೆಪಾರಿನ್ ಕೊಡುತ್ತಾರೆ, ಅದರಿಂದ ರಕ್ತಸ್ರಾವ ಆಗಬಹುದು, ಮಿದುಳಿನಲ್ಲೂ. ಸೋಂಕಿನ ಭಯವೂ ಇದೆ. 2018ರಲ್ಲಿ ಬಂದ ಇಯೋಲಿಯಾ ಅನ್ನೋ ಅಧ್ಯಯನದಲ್ಲಿ ಶ್ವಾಸಕೋಶ ತೀವ್ರವಾಗಿ ಕೆಟ್ಟ 249 ರೋಗಿಗಳಿದ್ದರು. ಎಕ್ಮೋ ಗುಂಪಿನಲ್ಲಿ 60 ದಿನದೊಳಗೆ ತೀರಿಕೊಂಡವರು ನೂರಕ್ಕೆ 35, ಮೊದಲಿಗೆ ವೆಂಟಿಲೇಟರ್‌ನಲ್ಲೇ ಮುಂದುವರಿಸಿದ ಇನ್ನೊಂದು ಗುಂಪಿನಲ್ಲಿ 46. ಎಕ್ಮೋನೇ ಮೇಲು ಅಂತ ಖಚಿತವಾಗಿ ಹೇಳಲು ಆ ವ್ಯತ್ಯಾಸ ಸಾಲಲಿಲ್ಲ. ಆದರೂ ಸುಮ್ನೆ ತಳ್ಳಿಹಾಕುವ ಲೆಕ್ಕ ಅಲ್ಲ, ಅಲ್ವಾ?

ಡಾಕ್ಟರ್ ಹೊರಗೆ ಬಂದಾಗ ಇಷ್ಟು ಕೇಳಿ. ದಿನಕ್ಕೆ 16 ಗಂಟೆಯಾದರೂ ಬೋರಲು ಮಲಗಿಸಿ ನೋಡಿದ್ದಾರಾ? ಜೋರು ವೆಂಟಿಲೇಟರ್‌ನಲ್ಲಿ ಎಷ್ಟು ದಿನ ಆಯಿತು? ವಾರ ದಾಟಿದ್ದರೆ ಎಕ್ಮೋದಿಂದ ಸಿಗುವ ಲಾಭ ಕಡಿಮೆ, ಹಾಗಾಗಿ ತಡ ಮಾಡಬಾರದು. ಅಲ್ಲಿ ಎಕ್ಮೋ ಆಗಾಗ ಮಾಡುತ್ತಾರಾ, ಇಲ್ಲ ಬೇರೆ ಕಡೆ ಕಳಿಸುತ್ತಾರಾ? ಈ ಕೊನೇದನ್ನು ಸಂಕೋಚ ಬಿಟ್ಟು ಕೇಳಿ. ಇದು ಪಳಗಿದ ಕೈಗಳ ಕೆಲಸ.

ಒಳಗೆ ಬಿಟ್ಟರೆ ಅಣ್ಣನ ಕೈ ಹಿಡಿದು ಮಾತಾಡಿ. ಪೈಪ್ ಮಾತ್ರ ಮುಟ್ಟಬೇಡಿ. ಮುಖ ಊದಿರಬಹುದು, ಹೆದರಬೇಡಿ. ಡಾಕ್ಟರ್ ಏನಂದರು ಅಂತ ಇಲ್ಲೇ ಹಾಕಿ, ನಾನು ಎಚ್ಚರವಾಗಿರುತ್ತೇನೆ.