1,48,000 ಓಡಿದ ಪಿಕಪ್: ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್ ಬದಲಿಸಲಾ, ಬಿಡಲಾ? ಅನುಭವ ಇದ್ದವರು ಹೇಳಿ

ಸೆಕೆಂಡ್‌ಹ್ಯಾಂಡ್ ಡಬಲ್‌ಕ್ಯಾಬ್
ಎಲ್ಲರಿಗೂ ನಮಸ್ಕಾರ. ಡೀಸೆಲ್ ಪಿಕಪ್, 6 ಸ್ಪೀಡ್ ಆಟೋಮ್ಯಾಟಿಕ್. ಹೋದ ವರ್ಷ ಸೆಕೆಂಡ್‌ಹ್ಯಾಂಡ್ ತಗೊಂಡೆ. ಗೇರ್‌ಬಾಕ್ಸ್ ಆಯಿಲ್ ಯಾವತ್ತಾದರೂ ಬದಲಾಗಿದೆಯಾ ಅನ್ನೋದಕ್ಕೆ ಒಂದು ಚೀಟಿಯೂ ಇಲ್ಲ. ಆಯಿಲ್ ಮಟ್ಟ ನೋಡೋ ಡಿಪ್‌ಸ್ಟಿಕ್ ಇಲ್ಲ. ಮ್ಯಾನುಯಲ್‌ನಲ್ಲಿ 'ಲೈಫ್‌ಟೈಮ್' ಅಂತ, ಅಂದರೆ ಬದಲಿಸೋದೇ ಬೇಡ ಅಂತ ಬರೆದಿದೆ. 65-70ರಲ್ಲಿ ಆಕ್ಸಿಲರೇಟರ್ ಹಗುರವಾಗಿ ಒತ್ತಿಕೊಂಡು ಹೋಗುವಾಗ ಎರಡು ಸೆಕೆಂಡ್ ಗಾಡಿ ಗಡಗಡ ನಡುಗುತ್ತದೆ, ಸಾಲಾಗಿ ಇಟ್ಟ ಸಣ್ಣ ಉಬ್ಬುಗಳ ಮೇಲೆ ಹೋದ ಹಾಗೆ. ಪ್ಯಾನ್ (ಗೇರ್‌ಬಾಕ್ಸ್ ಅಡಿಯ ಆಯಿಲ್ ತಟ್ಟೆ) ಇಳಿಸಿ ಬಂದಷ್ಟು ಬದಲಿಸಲಾ, ಮೆಷಿನ್ ಹಾಕಿ ಹಳೇದನ್ನೆಲ್ಲ ಹೊರಗೆ ತಳ್ಳಿಸುವ ಫ್ಲಶ್ ಮಾಡಿಸಲಾ, ಸುಮ್ನೆ ಬಿಟ್ಟುಬಿಡಲಾ?

ಮುಟ್ಟಿ ಕೆಟ್ಟವನು
ಮುಟ್ಟಬೇಡಿ. ಕೈ ಮುಗಿದು ಹೇಳ್ತಿದ್ದೇನೆ.

ನನ್ನ ಗಾಡಿ 1,92,000 ಓಡಿತ್ತು. ಗೇರ್ ಬೀಳೋದು ಗೊತ್ತೇ ಆಗುತ್ತಿರಲಿಲ್ಲ, ಅಷ್ಟು ನಯ. ಸರ್ವಿಸ್‌ಗೆ ಬಿಟ್ಟಾಗ 'ಆಯಿಲ್ ಹಳೇದಾಗಿದೆ ಸರ್, ಮೆಷಿನ್ ಹಾಕಿ ಫ್ಲಶ್ ಮಾಡಿಬಿಡೋಣ' ಅಂದರು. ನಾನೂ ತಲೆಯಾಡಿಸಿದೆ. 15 ಲೀಟರ್ ಹೊಸ ಆಯಿಲ್ ಹೋಯಿತು. ಹತ್ತು ದಿನ ಏನೂ ಇಲ್ಲ. ಹನ್ನೊಂದನೇ ದಿನ ಬೆಳಗ್ಗೆ ರಿವರ್ಸ್ ಹಾಕಿದೆ, ಗಾಡಿ ಕದಲಲಿಲ್ಲ. ಒಂದು, ಎರಡು, ಮೂರು ಎಣಿಸಿದ ಮೇಲೆ ಧಡ್ ಅಂತ ಹಿಂದಕ್ಕೆ ಎಗರಿತು. ಸಂಜೆ ಹೊತ್ತಿಗೆ ಮೂರರಿಂದ ನಾಲ್ಕಕ್ಕೆ ಹೋಗುವಾಗ ಇಂಜಿನ್ ಬರೀ ಕೂಗುತ್ತಿತ್ತು, ಗಾಡಿ ಎಳೆಯುತ್ತಿರಲಿಲ್ಲ.

ಬಿಚ್ಚಿಸಿದೆ. ಕ್ಲಚ್ ಪ್ಲೇಟ್‌ಗಳ ಲೈನಿಂಗ್ ಉಗುರಿನಲ್ಲಿ ಕೆರೆದರೆ ಸಿಪ್ಪೆಯ ಹಾಗೆ ಏಳುತ್ತಿತ್ತು. 23 ದಿನ ಗಾಡಿ ಗ್ಯಾರೇಜಿನಲ್ಲೇ. ಇಂಜಿನ್ ಶಕ್ತಿಯನ್ನು ಗೇರ್‌ಬಾಕ್ಸಿಗೆ ದಾಟಿಸೋ ಟಾರ್ಕ್ ಕನ್ವರ್ಟರ್ ಬೇರೆ ಹೊಸದು ಹಾಕಿಸಬೇಕಾಯಿತು. ಜೋಡಿಸಿ ತಂದ ವಾರಕ್ಕೇ ಮುಂದಿನ ಸೀಲ್ ಸೋರಿತು. ಮತ್ತೆ ಇಳಿಸಿದರು, ಮತ್ತೆ 6 ದಿನ. ಆಯಿಲ್ ಲೆಕ್ಕ ಬರೆದಿಟ್ಟಿದ್ದೇನೆ. ಫ್ಲಶ್‌ಗೆ 15, ಜೋಡಿಸಿದಾಗ 12, ಸೀಲ್‌ಗೆ ಇಳಿಸಿದಾಗ 7. ಒಟ್ಟು 34 ಲೀಟರ್, 12 ಲೀಟರ್ ಹಿಡಿಯೋ ಗೇರ್‌ಬಾಕ್ಸಿಗೆ! ಎಲ್ಲ ಸೇರಿಸಿದರೆ ಗಾಡಿ ಬೆಲೆಯ ಕಾಲು ಭಾಗ ಹೋಯಿತು. ಆರಾಮಾಗಿ ಓಡ್ತಾ ಇದ್ದ ಗಾಡಿಗೆ ಇದೆಲ್ಲ ಬೇಕಿತ್ತಾ?

ಹಳೇ ಫೋರ್‌ಸ್ಪೀಡ್
ಕಾಗೆ ಕೂರೋದಕ್ಕೂ ಟೊಂಗೆ ಮುರಿಯೋದಕ್ಕೂ ಸರಿಹೋಯ್ತು, ಅಷ್ಟೇ. ಒಂದು ಆಯಿಲ್ ಬದಲಾವಣೆಗೆ ಲೈನಿಂಗ್ ಎದ್ದು ಬರುವುದಿಲ್ಲ ಸ್ವಾಮಿ. 1,92,000 ಕಿ.ಮೀ. ಒಂದೇ ಆಯಿಲ್‌ನಲ್ಲಿ ಓಡಿಸಿದಿರಲ್ಲ, ಲೈನಿಂಗ್ ಆಗಲೇ ಸವೆದು ಪುಡಿಯಾಗಿ ಆಯಿಲ್‌ನಲ್ಲಿ ತೇಲುತ್ತಿತ್ತು. ಆ ಪುಡಿಯ ಹಿಡಿತದಲ್ಲೇ ಪ್ಲೇಟ್‌ಗಳು ಕಚ್ಚಿಕೊಂಡಿದ್ದಿರಬೇಕು. ಪುಡಿ ಹೋಯಿತು, ಹಿಡಿತವೂ ಹೋಯಿತು. ಫ್ಲಶ್ ಮಾಡುವ ಮೊದಲು ಹಳೇ ಆಯಿಲ್ ಮೂಸಿ ನೋಡಿದಿರಾ? ಸುಟ್ಟ ವಾಸನೆ ಇತ್ತಾ? ಅದನ್ನು ಹೇಳಲ್ಲ.

ನನ್ನದು 4 ಸ್ಪೀಡ್, ಡಿಪ್‌ಸ್ಟಿಕ್ ಇರುವ ಮರ್ಯಾದಸ್ಥ ಗೇರ್‌ಬಾಕ್ಸ್. ಪ್ರತಿ 40,000ಕ್ಕೆ ಪ್ಯಾನ್ ಇಳಿಸಿ, ಫಿಲ್ಟರ್ ಬದಲಿಸಿ, ಮ್ಯಾಗ್ನೆಟ್ ಒರೆಸಿ ಮತ್ತೆ ಹಾಕುತ್ತೇನೆ. ಈಗ 3,60,000. ಮ್ಯಾಗ್ನೆಟ್ ಮೇಲೆ ಬೂದುಬಣ್ಣದ ನುಣ್ಣನೆ ಕೆಸರು ಬಿಟ್ಟರೆ ಏನೂ ಸಿಕ್ಕಿಲ್ಲ. ಒಂದು ಚೂರು ಲೋಹದ ಸಿಬರು ಇಲ್ಲ.

ಮುಟ್ಟಿ ಕೆಟ್ಟವನು
ಗಾಡಿ ನನ್ನದು, ದುಡ್ಡು ನನ್ನದು, ನೀವು ಮೂಸಿ ನೋಡಿದಿರಾ ಅಂತ ಪಾಠ ಹೇಳೋಕೆ ಬಂದಿರಿ. ಫ್ಲಶ್ ಮಾಡದೇ ಇದ್ದಿದ್ದರೆ ಇವತ್ತೂ ಓಡುತ್ತಿತ್ತು. ಅಷ್ಟು ನನಗೆ ಸಾಕು.

ಬಕೆಟ್ ಮತ್ತು ಪೈಪು
ಇಬ್ಬರೂ ಸ್ವಲ್ಪ ತಣ್ಣಗಾಗಿ. ನಾನು ಮನೆಯಲ್ಲೇ ಮಾಡಿದ್ದು, ಎರಡು ಭಾನುವಾರ ಹಿಡಿಯಿತು.

ಮೊದಲನೇ ಭಾನುವಾರ ಡ್ರೈನ್ ಪ್ಲಗ್ ಬಿಚ್ಚಿ ಬಂದಷ್ಟನ್ನೂ ಸುರಿಸಿಬಿಟ್ಟೆ. ಆಮೇಲೆ ಫಿಲ್ ಪ್ಲಗ್‌ಗೆ ಪಾನಾ ಹಾಕಿದರೆ ಅಲ್ಲಾಡಲಿಲ್ಲ. ಒತ್ತಿದೆ, ಮೂಲೆಗಳು ಸವೆದು ಗುಂಡಗಾಯಿತು. ಒಳಗೆ ಆಯಿಲ್ ಇಲ್ಲ, ಹಾಕೋಕೆ ದಾರಿ ಇಲ್ಲ. ವಾರ ಪೂರ್ತಿ ಪಿಕಪ್ ನಾಲ್ಕು ಸ್ಟ್ಯಾಂಡ್ ಮೇಲೆ, ನಾನು ಬೇರೆಯವರ ಗಾಡಿ ಬೇಡಿಕೊಂಡು ಓಡಾಟ. ಕೊನೆಗೆ ಹಳೇ ಪ್ಲಗ್ ತಲೆಗೆ ಒಂದು ನಟ್ ವೆಲ್ಡ್ ಮಾಡಿಸಿ ತಿರುಗಿಸಿದೆ. ಫಿಲ್ ಪ್ಲಗ್ ಸಡಿಲ ಆದ ಮೇಲಷ್ಟೇ ಡ್ರೈನ್ ಮುಟ್ಟಬೇಕು ಅನ್ನೋದು ಎಲ್ಲರಿಗೂ ಗೊತ್ತು. ನನಗೂ ಗೊತ್ತಿತ್ತು.

ಎರಡನೇ ಭಾನುವಾರ ಆಯಿಲ್ ತಣ್ಣಗಾಗಿಸೋ ಕೂಲರ್‌ನಿಂದ ವಾಪಸ್ ಬರುವ ಪೈಪ್ ಬಿಚ್ಚಿ, ಗುರುತು ಹಾಕಿದ ಬಕೆಟ್‌ಗೆ ಬಿಟ್ಟೆ. ತಮ್ಮ ಇಂಜಿನ್ ಆನ್ ಮಾಡಬೇಕು, 2 ಲೀಟರ್ ಬಂದ ಕೂಡಲೇ ಆಫ್ ಮಾಡಬೇಕು, ನಾನು 2 ಲೀಟರ್ ತುಂಬಬೇಕು. ಮೂರನೇ ಸಲ ತಮ್ಮ ಫೋನ್ ನೋಡುತ್ತಾ ಕೂತ. ಪೈಪ್ ಬಕೆಟ್‌ನಿಂದ ಹಾರಿ ಹಾವಿನ ಹಾಗೆ ಕುಣಿಯಿತು. ನನ್ನ ಕನ್ನಡಕ, ಗೋಡೆ, ಸೈಲೆನ್ಸರ್, ಎಲ್ಲ ಕೆಂಪು. ಒಂದೂವರೆ ಲೀಟರ್ ನೆಲಕ್ಕೆ. ಮರದ ಪುಡಿ ಹಾಕಿ ಗುಡಿಸಿದರೂ ಕಲೆ ಇನ್ನೂ ಇದೆ. ಆದರೆ ಕೊನೆಗೆ ಬಂದ ಆಯಿಲ್ ತಿಳಿಯಾಗಿತ್ತು. ಮೆಷಿನ್ ಒತ್ತಡವೂ ಇಲ್ಲ, ಗೇರ್‌ಬಾಕ್ಸಿನ ಪಂಪೇ ಕೆಲಸ ಮಾಡುತ್ತದೆ. ಮಲ್ಟಿ ವೆಹಿಕಲ್ ಆಯಿಲ್ ಹಾಕಿದ್ದು, 50,000 ಆಯಿತು, ಏನೂ ತೊಂದರೆ ಇಲ್ಲ.

ಎಂಟು ಗೇರು
ಮಲ್ಟಿ ವೆಹಿಕಲ್ ಆಯಿಲ್! ಎಲ್ಲ ಬಾಗಿಲಿಗೂ ಒಂದೇ ಬೀಗದಕೈ. ಕ್ಯಾನ್ ಮೇಲೆ ಮೂವತ್ತು ಹೆಸರು ಬರೆದ ತಕ್ಷಣ ಮೂವತ್ತಕ್ಕೂ ಸರಿಹೊಂದುತ್ತದಾ? ಮರ್ಕಾನ್ ಎಲ್‌ವಿ ಕೇಳುವ ಗೇರ್‌ಬಾಕ್ಸಿಗೆ ಮರ್ಕಾನ್ ಯುಎಲ್‌ವಿ ಹಾಕಬಾರದು. ಎರಡೂ ಒಂದೇ ಕಂಪನಿಯ, ಫೋರ್ಡ್‌ನ ಆಯಿಲ್ ಸ್ಪೆಕ್.

ನನ್ನದು ಝಡ್‌ಎಫ್ 8 ಸ್ಪೀಡ್. ಗಾಡಿ ಮಾರಿದವರು 'ಲೈಫ್‌ಟೈಮ್, ಮುಟ್ಟೋದೇ ಬೇಡ' ಅಂದರು. ಗೇರ್‌ಬಾಕ್ಸ್ ಮಾಡಿದ ಝಡ್‌ಎಫ್‌ನವರೇ 80,000ದಿಂದ 1,20,000 ಕಿ.ಮೀ. ಒಳಗೆ, ಇಲ್ಲವೇ 8 ವರ್ಷಕ್ಕೆ ಬದಲಿಸಿ ಅನ್ನುತ್ತಾರೆ. ಹಾಗಾದರೆ ಯಾರ ಲೈಫು ಅದು? ವಾರಂಟಿಯ ಲೈಫ್ ಇರಬೇಕು. 95,000ಕ್ಕೆ ಮಾಡಿಸಿದೆ. ನನ್ನ ಗೇರ್‌ಬಾಕ್ಸಿನಲ್ಲಿ ಪ್ಯಾನ್ ಪ್ಲಾಸ್ಟಿಕ್, ಫಿಲ್ಟರ್ ಅದರೊಳಗೇ. ಅಂದರೆ ಫಿಲ್ಟರ್ ಬೇಕಾದರೆ ಪೂರ್ತಿ ಪ್ಯಾನೇ ಹೊಸದು. ಹುಡುಗ ಬೋಲ್ಟ್‌ಗಳನ್ನು ಗನ್‌ನಲ್ಲಿ ಬಿಗಿದ, ಹೊಸ ಪ್ಯಾನ್ ಮೂಲೆಯಲ್ಲಿ ಸೀಳು. ಇನ್ನೊಂದು ಪ್ಯಾನ್ ಬರೋಕೆ 9 ದಿನ. ಹಸಿರು ಆಯಿಲ್ ನೋಡಿ 'ಇದು ಕೂಲೆಂಟ್ ಅಲ್ವಾ' ಅಂತ ಬೇರೆ ಕೇಳಿದ. ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್) ಅಂದರೆ ಕೆಂಪು ಅಂತ ಯಾರು ಹೇಳಿಕೊಟ್ಟರೋ. ಕೆಂಪು ಬರೀ ಬಣ್ಣ, ಸೋರಿದರೆ ಗುರುತು ಸಿಗಲಿ ಅಂತ.

ಹಳೇ ಫೋರ್‌ಸ್ಪೀಡ್
ನಮ್ಮ ಕಾಲದಲ್ಲಿ ಡೆಕ್ಸ್ರಾನ್ 3 ಅನ್ನೋ ಆಯಿಲ್ ಒಂದಿದ್ದರೆ ಮುಕ್ಕಾಲು ಪಾಲು ಗಾಡಿಗೆ ಆಗುತ್ತಿತ್ತು. ಈಗ ಗೇರ್‌ಬಾಕ್ಸಿಗೊಂದು ಆಯಿಲ್. ವ್ಯಾಪಾರ.

ಎಂಟು ಗೇರು
ಡೆಕ್ಸ್ರಾನ್ 3ಕ್ಕೆ ಲೈಸೆನ್ಸ್ ಕೊಡೋದನ್ನು 2006ರ ಕೊನೆಗೇ ಅದರ ಸ್ಪೆಕ್ ಮಾಡಿದ ಜಿಎಂ (ಜನರಲ್ ಮೋಟರ್ಸ್) ನಿಲ್ಲಿಸಿತು ಹಿರಿಯರೇ. ಇವತ್ತು ಅದರ ಹೆಸರಲ್ಲಿ ಸಿಗುವುದಕ್ಕೆ ಜಿಎಂನ ಪರೀಕ್ಷೆ ಇಲ್ಲ. ಹಳೇದೆಲ್ಲ ಚಿನ್ನ ಅನ್ನೋದಾದರೆ, 1970ರ ದಶಕದ ಶುರುವಿನವರೆಗೆ ಎಟಿಎಫ್‌ಗೆ ಸ್ಪರ್ಮ್ ತಿಮಿಂಗಿಲದ ಎಣ್ಣೆ ಸೇರಿಸುತ್ತಿದ್ದರು. ಅದನ್ನೇ ತಂದು ಹಾಕಿಕೊಳ್ಳಿ.

ಹಳೇ ಫೋರ್‌ಸ್ಪೀಡ್
ತಮಾಷೆ ಮಾಡಬೇಡಿ. ಆ ಎಣ್ಣೆ ತೆಗೆದು ಬದಲಿ ಹಾಕಿದ ಮೇಲೇ ಕೂಲರ್‌ಗಳು ಕೊರೆದು ಹೋಗೋಕೆ ಶುರುವಾಗಿದ್ದು. ಅದನ್ನೂ ಓದಿಕೊಂಡು ಬನ್ನಿ.

ಮುಟ್ಟಿ ಕೆಟ್ಟವನು
ಅವರು ಕೇಳಿದ್ದು ಪಿಕಪ್ ಬಗ್ಗೆ, ತಿಮಿಂಗಿಲದ ಬಗ್ಗೆ ಅಲ್ಲ.

ಟ್ರೇಲರ್ ಜೊತೆ
ಕೂಲರ್ ಮಾತು ಬಂದಿದ್ದಕ್ಕೆ ನನ್ನದೂ ಹೇಳ್ತೇನೆ. ಆಯಿಲ್ ಬದಲಿಸಿ 14,000 ಕಿ.ಮೀ. ಕೂಡ ಆಗಿರಲಿಲ್ಲ. ಟ್ರೇಲರ್ ಕಟ್ಟಿಕೊಂಡು ಘಾಟಿ ಹತ್ತುವಾಗ ಗಾಡಿಗೆ ಚುಚ್ಚಿದ ಸ್ಕ್ಯಾನರ್‌ನಲ್ಲಿ ಗೇರ್‌ಬಾಕ್ಸ್ ಆಯಿಲ್ 118 ಡಿಗ್ರಿ ತೋರಿಸಿತು. ನಿಲ್ಲಿಸಿ ಬಾನೆಟ್ ಎತ್ತಿದರೆ ಕೂಲೆಂಟ್ ಟ್ಯಾಂಕ್‌ನಲ್ಲಿ ಗುಲಾಬಿ ಬಣ್ಣದ ನೊರೆ. ರೇಡಿಯೇಟರ್ ಒಳಗೇ ಇರುವ ಆಯಿಲ್ ಕೂಲರ್ ಒಡೆದು ಎರಡೂ ಬೆರೆತುಹೋಗಿತ್ತು. ಕೂಲೆಂಟ್ ತಾಗಿದರೆ ಕ್ಲಚ್ ಲೈನಿಂಗ್‌ನ ಅಂಟೇ ಬಿಡುತ್ತದೆ. ಬರೀ ತೊಳೆದು ಓಡಿಸಿ ನೋಡಿದೆ, 3 ಸಲ, ತಲಾ 12 ಲೀಟರ್. ಎರಡು ತಿಂಗಳಿಗೆ ಗೇರ್ ಸ್ಲಿಪ್ ಆಗೋಕೆ ಶುರು. ಆ 36 ಲೀಟರ್ ನೀರಿಗೆ ಹಾಕಿದ ಹಾಗಾಯಿತು, ಗೇರ್‌ಬಾಕ್ಸ್ ಹೇಗೂ ಬಿಚ್ಚಲೇಬೇಕಾಯಿತು. ಈಗ ಬೇರೆ ಕೂಲರ್ ಮುಂದೆ ಕೂರಿಸಿದ್ದೇನೆ, ರೇಡಿಯೇಟರ್‌ಗೆ ಆಯಿಲ್ ಹೋಗೋದೇ ಇಲ್ಲ. ಅದೇ ಘಾಟಿಯಲ್ಲಿ 92 ದಾಟಲ್ಲ.

ಬಕೆಟ್ ಮತ್ತು ಪೈಪು
ಅಯ್ಯೋ ಅಣ್ಣಾ, ಮೊದಲ ಸಲವೇ ಬಿಚ್ಚಿಸಿದ್ದರೆ ಆ 36 ಲೀಟರ್ ಉಳೀತಿತ್ತೇನೋ.

ಟ್ರೇಲರ್ ಜೊತೆ
ಅಣ್ಣ ಅಲ್ಲ, ಅಕ್ಕ. ಮತ್ತೆ 'ಮೊದಲೇ ಹೀಗೆ ಮಾಡಿದ್ದರೆ' ಅನ್ನೋದನ್ನು ಫಿಲ್ ಪ್ಲಗ್ ಗುಂಡಗೆ ಮಾಡಿದವರು ಹೇಳಬಾರದು.

ಸೆಕೆಂಡ್‌ಹ್ಯಾಂಡ್ ಡಬಲ್‌ಕ್ಯಾಬ್
ನನ್ನ ನಡುಕಕ್ಕೆ ಯಾರಾದರೂ...? ಪ್ಯಾನ್‌ನಿಂದ 4 ಲೀಟರ್ ಬರುತ್ತದಂತೆ, ಒಟ್ಟು 12. ಮೂರು ಸಲ 4 ಹಾಕಿದರೆ ಪೂರ್ತಿ ಹೊಸದಾಗುತ್ತದೆ, ಅಲ್ವಾ?

ಎಂಟು ಗೇರು
ಆಗಲ್ಲ. ಎರಡನೇ ಸಲ ಬರುವ 4 ಲೀಟರ್‌ನಲ್ಲಿ ನೀವು ಹಾಕಿದ ಹೊಸದೂ ಇರುತ್ತದೆ. ಪ್ರತಿ ಸಲ ಹಳೇದರಲ್ಲಿ ಮೂರನೇ ಒಂದು ಭಾಗ ಮಾತ್ರ ಹೋಗೋದು. ಮೂರು ಸಲ ಆದ ಮೇಲೂ ಸುಮಾರು 3.5 ಲೀಟರ್ ಹಳೇದು ಒಳಗೇ.

ನಡುಕ ಕನ್ವರ್ಟರ್ ಒಳಗಿನ, ಇಂಜಿನ್ನನ್ನೂ ಗೇರ್‌ಬಾಕ್ಸನ್ನೂ ನೇರ ಕಚ್ಚಿಸೋ ಲಾಕಪ್ ಕ್ಲಚ್‌ನದು ಇರಬಹುದು. ಆಯಿಲ್‌ನ ಗುಣ ಕೆಟ್ಟರೆ ಅದು ಹಿಡಿದು ಬಿಟ್ಟು ಹಿಡಿದು ಬಿಟ್ಟು ಮಾಡುತ್ತದೆ.

ಹಳೇ ಫೋರ್‌ಸ್ಪೀಡ್
3.5 ಲೀಟರ್ ಹಳೇದು ಉಳಿದರೆ ಆಕಾಶ ಬೀಳಲ್ಲ. ನನ್ನದರಲ್ಲಿ ಉಳಿದುಕೊಂಡೇ 3,60,000 ಆಗಿದೆ.

ಬಕೆಟ್ ಮತ್ತು ಪೈಪು
ಲೆವೆಲ್ ನೋಡುವಾಗ ಗಾಡಿ ಸಮನಾಗಿರಲಿ. ಮುಂದಿನ ಚಕ್ರ ಮಾತ್ರ ಎತ್ತಿ ನೋಡಿ ನಾನು ಮುಕ್ಕಾಲು ಲೀಟರ್ ತಪ್ಪಿದ್ದೆ. ನನ್ನ ಗಾಡಿಗೆ ಇಂಜಿನ್ ಓಡ್ತಾ ಇರಬೇಕು, ಆಯಿಲ್ 35-45 ಡಿಗ್ರಿ ಇರಬೇಕು. ನಿಮ್ಮದಕ್ಕೆ ಎಷ್ಟು ಅಂತ ಮ್ಯಾನುಯಲ್ ನೋಡಿ. ಪ್ಯಾನ್‌ಗೆ ಹೊರಗಿಂದ ಟೆಂಪರೇಚರ್ ಗನ್ ಹಿಡಿದರೆ ಸರಿಯಾಗಿ ಸಿಗಲ್ಲ, ಸ್ಕ್ಯಾನರ್ ಹಾಕಿ.

ಸೆಕೆಂಡ್‌ಹ್ಯಾಂಡ್ ಡಬಲ್‌ಕ್ಯಾಬ್
ಶನಿವಾರ ಮಾಡಿದೆ. ಫಿಲ್ ಪ್ಲಗ್ ಮೊದಲು ಬಿಚ್ಚಿದೆ, ಪುಣ್ಯಕ್ಕೆ ಬಂತು. 4.1 ಲೀಟರ್ ಇಳಿಯಿತು, ಇಂಜಿನ್ ಆಯಿಲ್‌ನಷ್ಟೇ ಕಪ್ಪು. ಸುಟ್ಟ ವಾಸನೆ ಇರಲಿಲ್ಲ. ನಾಲ್ಕು ಮ್ಯಾಗ್ನೆಟ್ ಮೇಲೂ ಬೂದು ಕೆಸರು, ಸಿಬರು ಇಲ್ಲ. ಹಳೇ ಫಿಲ್ಟರ್‌ನ ಸೀಲ್ ತೂತಿನಲ್ಲೇ ಅಂಟಿಕೊಂಡಿತ್ತು, ಗಮನಿಸದಿದ್ದರೆ ಅದರ ಮೇಲೇ ಹೊಸದು ಕೂರುತ್ತಿತ್ತು. ಕಂಪನಿ ಹೇಳಿದ ಸ್ಪೆಕ್‌ದೇ ಹಾಕಿದೆ, 4.1. 200 ಕಿ.ಮೀ. ಓಡಿಸಿದ್ದೇನೆ. ನಡುಕ ಅರ್ಧಕ್ಕರ್ಧ ಕಡಿಮೆ, ಪೂರ್ತಿ ಹೋಗಿಲ್ಲ. ಮುಂದಿನ ತಿಂಗಳು ಇನ್ನೊಂದು ಸಲ ಇಳಿಸುತ್ತೇನೆ.

ಹಳೇ ಫೋರ್‌ಸ್ಪೀಡ್
ನೋಡಿದಿರಾ? ನಾನು ಹೇಳಿದ್ದೇ ಇದನ್ನ.

ಎಂಟು ಗೇರು
ನೀವೆಲ್ಲಿ ಹೇಳಿದಿರಿ?

ಮುಟ್ಟಿ ಕೆಟ್ಟವನು
ಹನ್ನೊಂದು ದಿನ ಆಗಲಿ. ಆಮೇಲೆ ಬಂದು ಬರೆಯಿರಿ.