ಆರ್ಕೆಸ್ಟ್ರಾಕ್ಕೆ ರ್‍ಯಾಕ್ ಕಂಪ್ಯೂಟರ್: 2ಯು ಸಾಕಾ, 4ಯು ಬೇಕಾ?

ಪ್ರಶ್ನೆ (ಕೀಬೋರ್ಡ್ ವಾದಕ, ಗಂಗಾವತಿ): ನಮಸ್ಕಾರ ಸರ್. ಜಾತ್ರೆ, ಗಣೇಶ, ಮದುವೆ ಎಲ್ಲಾ ಕಡೆ ಲ್ಯಾಪ್‌ಟಾಪ್ ಒಯ್ದು ಅದರಲ್ಲೇ ಸರ್ಜ್ ಎಕ್ಸ್‌ಟಿ, ಡೆಕ್ಸೆಡ್ ಸಿಂತ್ (ಕಂಪ್ಯೂಟರ್‌ನಲ್ಲೇ ವಾದ್ಯದ ಸದ್ದು ಹುಟ್ಟಿಸುವ ಸಾಫ್ಟ್‌ವೇರ್) ನುಡಿಸುತ್ತೇನೆ. ಬೇಸಿಗೆ ಕಾರ್ಯಕ್ರಮಗಳಲ್ಲಿ ನಾಲ್ಕು ಹಾಡು ಮುಗಿಯುವಷ್ಟರಲ್ಲಿ ಚಟಪಟ ಸದ್ದು ಶುರು. ರ್‍ಯಾಕ್‌ನಲ್ಲಿ ಕೂರುವ ಕಂಪ್ಯೂಟರ್ ನಾನೇ ಜೋಡಿಸಬೇಕು ಅಂತಿದ್ದೇನೆ. 2ಯು ಕೇಸ್ ಆದರೆ ಹಗುರ ಅಲ್ವಾ? ಗ್ರಾಫಿಕ್ಸ್ ಕಾರ್ಡ್ ಬೇಕಾ?

ಉತ್ತರ (ಕಂಪ್ಯೂಟರ್ ಜೋಡಿಸುವವರು, ಬಳ್ಳಾರಿ): 2ಯು ಬೇಡ, 4ಯು ತಗೊಳ್ಳಿ. ಯು ಅಂದರೆ ಕೇಸಿನ ಎತ್ತರದ ಅಳತೆ, ಒಂದು ಯು 1.75 ಇಂಚು. 2ಯು ಅಂದರೆ ಬರೀ ಮೂರೂವರೆ ಇಂಚು, ಅದರಲ್ಲಿ ಸಣ್ಣ ಫ್ಯಾನೇ ಗತಿ, ಅವು ಕಿರುಚಿಕೊಂಡು ತಿರುಗಿದರೂ ನಮ್ಮ ಕಡೆ 40 ಡಿಗ್ರಿ ದಾಟಿದ ದಿನ ಸಾಲುವುದಿಲ್ಲ. 4ಯುನಲ್ಲಿ 120 ಮಿ.ಮೀ. ಫ್ಯಾನ್ ನೆಟ್ಟಗೆ ಕೂರುತ್ತದೆ, ನಿಧಾನ ತಿರುಗಿದರೂ ಗಾಳಿ ಜಾಸ್ತಿ.

ನಿಮ್ಮ ಚಟಪಟಕ್ಕೂ ಬಿಸಿಯೇ ಕಾರಣ ಇರಬೇಕು. 48 ಕಿಲೋಹರ್ಟ್ಜ್‌ನಲ್ಲಿ (ಸೆಕೆಂಡಿಗೆ 48,000 ಸದ್ದಿನ ಚೂರು) ಬಫರ್, ಅಂದರೆ ಒಂದೇ ಸಲಕ್ಕೆ ಲೆಕ್ಕ ಹಾಕುವ ಚೂರುಗಳ ಸಂಖ್ಯೆ, 128 ಇಟ್ಟರೆ ಪ್ರೊಸೆಸರ್‌ಗೆ ಸಿಗುವುದು ಸುಮಾರು 2.7 ಮಿಲಿಸೆಕೆಂಡ್, ಅಷ್ಟರೊಳಗೆ ಎಲ್ಲಾ ಸ್ವರಗಳ ಲೆಕ್ಕ ಮುಗಿಸಿ ಕೊಡಬೇಕು, ಬಿಸಿಯಾದಾಗ ಅದು ತಾನೇ ವೇಗ ಇಳಿಸಿಕೊಳ್ಳುತ್ತದೆ, ಒಂದು ಸಲ ತಡವಾದರೂ ಪಟ್ ಅಂತ ಕೇಳುತ್ತದೆ. ಅದಕ್ಕೇ ಕೋರ್ ಎಷ್ಟಿವೆ ಅಂತ ಎಣಿಸುವ ಮುಂಚೆ ಒಂದೊಂದು ಕೋರ್ ಎಷ್ಟು ಚುರುಕು ಅಂತ ನೋಡಿ. ಗ್ರಾಫಿಕ್ಸ್ ಕಾರ್ಡ್ ಬೇಡವೇ ಬೇಡ, ಪ್ರೊಸೆಸರ್ ಜೊತೆ ಬರುವುದೇ ಸಾಕು. ರ್‍ಯಾಮ್ 16 ಜಿಬಿ, ತಬಲಾ ಪಿಯಾನೋ ಸ್ಯಾಂಪಲ್ ಹಾಕುವುದಿದ್ದರೆ 32. ಎಸ್‌ಎಸ್‌ಡಿ ಮಾತ್ರ ಹಾಕಿ.

ಇನ್ನು ಧೂಳು. ಒಳಗೆ ಗಾಳಿ ತಳ್ಳುವ ಫ್ಯಾನ್ ಜಾಸ್ತಿ ಇರಲಿ, ಹೊರಗೆ ಎಳೆಯುವುದು ಕಡಿಮೆ. ಆಗ ಗಾಳಿ ಮುಂದಿನ ಫಿಲ್ಟರ್ ಮೂಲಕವೇ ಬರುತ್ತದೆ, ಇಲ್ಲದಿದ್ದರೆ ಸಂದುಸಂದಿನಿಂದ ನುಗ್ಗುತ್ತದೆ. ಸಂಡೂರು ಕಡೆ ಹೋಗಿ ಬಂದ ರ್‍ಯಾಕ್ ಬಿಚ್ಚಿದರೆ ಫಿಲ್ಟರ್ ಮೇಲೆ ಕುಂಕುಮದ ಹಾಗೆ ಕೆಂಪು ಪುಡಿ ಕೂತಿರುತ್ತದೆ, ಬೆರಳಿಟ್ಟರೆ ಅಂಟುತ್ತದೆ. ಪ್ರತಿ ಕಾರ್ಯಕ್ರಮ ಆದ ಮೇಲೆ ತೊಳೆದು, ಪೂರ್ತಿ ಒಣಗಿಸಿಯೇ ಹಾಕಿ.

ಪ್ರೊಸೆಸರ್ ಮೇಲಿನ ಕೂಲರ್ ಗಿಡ್ಡದ್ದಿರಲಿ, ಬೋರ್ಡಿನ ಹಿಂದೆ ಪಟ್ಟಿ ಕೊಟ್ಟು ಸ್ಕ್ರೂ ಬಿಗಿಯುವಂಥದ್ದು, ಒತ್ತಿ ಕೂರಿಸುವ ಪ್ಲಾಸ್ಟಿಕ್ ಪಿನ್ ಟೆಂಪೋ ಕುಲುಕಾಟಕ್ಕೆ ಸಡಿಲವಾಗುತ್ತದೆ. ಕೇಸನ್ನು ಮುಂದಿನ ಕಿವಿಗಳ (ಸ್ಕ್ರೂ ಹಾಕುವ ಪಟ್ಟಿಗಳ) ಮೇಲೆ ಮಾತ್ರ ನೇತು ಹಾಕಬೇಡಿ, ಹಿಂದೆಯೂ ಆಧಾರ ಕೊಡಿ.

ಪ್ರಶ್ನೆ (ಅವರೇ): ಜನರೇಟರ್ ಮೇಲೆ ನಡೆಯುತ್ತಾ ಸರ್? ಬಫರ್ ಎಷ್ಟಿಡಲಿ?

ಉತ್ತರ: ಜನರೇಟರ್ ಇದ್ದರೆ ಆನ್‌ಲೈನ್ ಯುಪಿಎಸ್ (ಬಂದ ಕರೆಂಟನ್ನು ಸದಾ ತಾನೇ ಹೊಸದಾಗಿ ಮಾಡಿ ಕೊಡುವಂಥದ್ದು) ಇಡಿ ತಮ್ಮಾ, ಇಲ್ಲಿ ದುಡ್ಡು ಉಳಿಸಬೇಡಿ. ಗುಂಯ್ ಅನ್ನುವ ಸದ್ದು ಬಂದರೆ ಅರ್ತಿಂಗ್ ವೈರ್ ಕತ್ತರಿಸುವವರಿದ್ದಾರೆ, ಅದು ಜೀವಕ್ಕೇ ಅಪಾಯ. ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ (ಸದ್ದನ್ನು ಮಿಕ್ಸರ್‌ಗೆ ಕಳಿಸುವ ಡಬ್ಬಿ) ಹಾಕಿ. ಬಫರ್ 128ರಿಂದ ಶುರು ಮಾಡಿ, ಚಟಪಟ ಅಂದರೆ 256. ಅದು 5.3 ಮಿಲಿಸೆಕೆಂಡ್, ಕೈಗೆ ಹೆಚ್ಚೇನೂ ತಿಳಿಯುವುದಿಲ್ಲ. ವಿಂಡೋಸ್ ಆದರೆ ಸದ್ದನ್ನು ಹೊರಗೆ ಕಳಿಸುವ ನಿಮ್ಮ ಆಡಿಯೋ ಇಂಟರ್‌ಫೇಸ್ ಕಂಪನಿಯದೇ ಎಎಸ್‌ಐಒ ಡ್ರೈವರ್ (ಸದ್ದು ತಡವಾಗದಂತೆ ನೋಡುವ ಸಾಫ್ಟ್‌ವೇರ್) ಹಾಕಿ.

ಇನ್ನೊಬ್ಬರು (ರಾಯಚೂರು): ವೈಫೈ ಆಫ್ ಮಾಡಿದ ಮೇಲೆ ನನಗೆ ಪಟಪಟ ನಿಂತಿತು, ಅದನ್ನೂ ಹೇಳಿ ಸರ್.

ಉತ್ತರ: ಹೌದು, ಅದು ಮುಖ್ಯ. ಕೆಲವು ವೈಫೈ ಡ್ರೈವರ್‌ಗಳು ಮಧ್ಯೆ ಮಧ್ಯೆ ಪ್ರೊಸೆಸರನ್ನು ತಡೆದು ನಿಲ್ಲಿಸುತ್ತವೆ. ಲೇಟೆನ್ಸಿಮಾನ್ ಅನ್ನುವ ಸಾಫ್ಟ್‌ವೇರ್ ಓಡಿಸಿದರೆ ಯಾವ ಡ್ರೈವರ್ ತೊಂದರೆ ಕೊಡುತ್ತಿದೆ ಅಂತ ಹೆಸರು ಸಮೇತ ತೋರಿಸುತ್ತದೆ. ಮೊದಲ ಕಾರ್ಯಕ್ರಮಕ್ಕೆ ಮುಂಚೆ ಮಟಮಟ ಮಧ್ಯಾಹ್ನ, ಫ್ಯಾನ್ ಇಲ್ಲದ ಕೋಣೆಯಲ್ಲಿ, ನಿಮ್ಮ ಅತಿ ಭಾರದ ಪ್ಯಾಚ್ (ಸಿಂತ್‌ನ ಸದ್ದಿನ ಸೆಟ್ಟಿಂಗ್) ಹಾಕಿ ಎರಡು ಗಂಟೆ ನುಡಿಸಿ ನೋಡಿ. ರ್‍ಯಾಕ್ ಹಿಂದಿನ ಮುಚ್ಚಳ ತೆಗೆದಿರಲಿ.